ಏಳನೆಯ ಮುಳುಗು

ಶಿಷ್ಯ ಗುರುಶಾಂತ ಕೇಳಿದ: "ಗುರುಗಳೇ, ಅಡವಯ್ಯನಿಗೆ ನನ್ನ ಮೇಲೆ ಯಾಕಿಷ್ಟು ಹಗೆ? ಎದುರಿಗೆ ಬಂದರೆ ಸಾಕು, ನನ್ನಲ್ಲಿ ಏನೋ ತಪ್ಪು ಹುಡುಕುವವನ ಹಾಗೆ ನೋಡುತ್ತಾನೆ. ಇಂಥವನ ಜೊತೆ ಒಂದೇ ಮಠದಲ್ಲಿ ಹೇಗಿರಲಿ? ಅವನನ್ನು ಬೇರೆ ಕಡೆಗೆ ಕಳಿಸಿಬಿಡಿ."

"ಅವನು ನಿನಗೆ ಏನಾದರೂ ಅಂದನೇ?" ಎಂದರು ಗುರುಗಳು.

"ಏನೂ ಅನ್ನುವುದಿಲ್ಲ. ನಗುತ್ತಾನೆ. ಅದಕ್ಕೇ ನನಗೆ ಸಂಶಯ."

"ನಗುವವರನ್ನು ಮಠದಿಂದ ಹೊರಗೆ ಹಾಕುವುದಾದರೆ ಮೊದಲು ನಾನೇ ಗಂಟುಮೂಟೆ ಕಟ್ಟಬೇಕು" ಎಂದು ಗುರುಗಳು ನಕ್ಕರು. "ಕಳಿಸುವ ಮಾತು ನಾಳೆಗಿರಲಿ. ಇವತ್ತು ಇದನ್ನು ಕೇಳು."

ಒಂದು ಓಣಿಯಲ್ಲಿ ಒಬ್ಬ ಬಣ್ಣಗಾರನಿದ್ದ. ಅವನ ಎದುರು ಮನೆಯಲ್ಲಿ ಒಬ್ಬ ನೇಕಾರನಿದ್ದ. ನೇಕಾರ ನೂಲು ಕೊಡುತ್ತಿದ್ದ, ಬಣ್ಣಗಾರ ಅದನ್ನು ನೀಲಿಯ ಬಾನಿಯಲ್ಲಿ ಅದ್ದಿ ಕೊಡುತ್ತಿದ್ದ. ಒಂದು ಸಲ ಅದ್ದುವುದು, ಬಿಸಿಲಿಗೆ ಒಣಗಿಸುವುದು, ಮತ್ತೆ ಅದ್ದುವುದು. ಹೀಗೆ ಏಳು ಮುಳುಗು. ಆ ಓಣಿಯಲ್ಲೊಂದು ಪದ್ಧತಿಯಿತ್ತು. ಬಾನಿಯ ಹತ್ತಿರ ನಿಂತು ಯಾವ ನೇಕಾರನೂ ಮುಳುಗು ಎಣಿಸುತ್ತಿರಲಿಲ್ಲ. ಎಣಿಸಿದರೆ ಬಣ್ಣಗಾರನನ್ನು ನಂಬಲಿಲ್ಲ ಎಂದಾಗುತ್ತದೆ.

ಒಂದು ಶ್ರಾವಣದಲ್ಲಿ ಮೋಡ ಕವಿಯಿತು. ನೂಲು ಒಣಗಲೊಲ್ಲದು, ಹಬ್ಬ ಹತ್ತಿರ ಬಂತು. ಬಣ್ಣಗಾರ ಬೇಸತ್ತು ಆರಕ್ಕೇ ನಿಲ್ಲಿಸಿ ನೂಲು ಕೊಟ್ಟುಬಿಟ್ಟ. ನೇಕಾರ ಅದನ್ನು ಕೈಯಲ್ಲಿ ಹಿಡಿದ, ಬೆರಳಲ್ಲಿ ತಿಕ್ಕಿದ, ಏನೂ ಅನ್ನಲಿಲ್ಲ. ಎಂದಿನಂತೆ ಎಲೆ ಅಡಿಕೆ ಕೊಟ್ಟು ನಗುತ್ತ ಹೊರಟುಹೋದ. ಬೈದಿದ್ದರೆ ಬಣ್ಣಗಾರ ಊಟ ಮಾಡಿ ನಿದ್ದೆ ಹೋಗುತ್ತಿದ್ದ. ಆ ನಗು ಮಾತ್ರ ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಸ್ವಲ್ಪ ದಿನಕ್ಕೆ ಆರು ಮುಳುಗಿನ ಮಾತು ಅವನಿಗೆ ಮರೆತೇಹೋಯಿತು. ನೇಕಾರನ ಮೇಲಿನ ಕಿರಿಕಿರಿ ಮಾತ್ರ ಹಾಗೇ ಉಳಿಯಿತು. ಈ ಮನುಷ್ಯ ಮೊದಲಿನ ಹಾಗಿಲ್ಲ, ಇವನ ಕೈ ಶುದ್ಧವಿಲ್ಲ ಎಂದು ಅವನಿಗೆ ಅನ್ನಿಸತೊಡಗಿತು.

ಒಂದು ದಿನ ನೇಕಾರ ಬಿಳಿ ಪಂಚೆಯೊಂದನ್ನು ತಂದು, ನೇಯ್ಗೆ ಹೇಗಿದೆ ನೋಡು ಎಂದ. ಬಣ್ಣಗಾರ ಮುಟ್ಟಿ ನೋಡಿ ಮಡಿಕೆ ಬಿಡಿಸಿದರೆ ಒಳಗೆ ನೀಲಿ ಕಲೆ! ಅವನು ಅದನ್ನು ಹಾಗೆಯೇ ಮಡಿಚಿ ಹಿಂದಕ್ಕೆ ಕೊಟ್ಟ. ಇನ್ನೊಂದು ಪಂಚೆ ತಂದಾಗಲೂ ಕಲೆ. ಬಣ್ಣಗಾರ ಅನ್ಯಾಯದ ಮನುಷ್ಯನಲ್ಲ. ಪರೀಕ್ಷೆ ಮಾಡಿಯೇ ತೀರ್ಮಾನಿಸೋಣ ಎಂದು ಮೂಲೆಮನೆಯ ನೇಕಾರನ ಬಟ್ಟೆ ತರಿಸಿ ಅದನ್ನೂ ಹಾಗೆಯೇ ಮುಟ್ಟಿ ನೋಡಿದ. ಹಾಲಿನಂತೆ ಬೆಳ್ಳಗಿತ್ತು. ಅಲ್ಲಿಗೆ ಅವನ ಮನಸ್ಸು ಗಟ್ಟಿಯಾಯಿತು.

ತೊಡಕು ಏನೆಂದರೆ, ಬಣ್ಣಗಾರನ ಮಗನಿಗೂ ನೇಕಾರನ ಮಗಳಿಗೂ ಮದುವೆ ಎಂದು ಮಾತಾಗಿತ್ತು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಜೀವ. ಅವರಲ್ಲಿ ನಿಶ್ಚಯದ ಶಾಸ್ತ್ರ ಹೀಗೆ: ಹೆಣ್ಣಿನ ತಂದೆ ತಾನೇ ನೇಯ್ದ ಬಿಳಿ ಶಲ್ಯವನ್ನು ಹಿರಿಯರ ಮುಂದೆ ಕೊಡಬೇಕು. ಗಂಡಿನ ತಂದೆ ಅದನ್ನು ಮುಟ್ಟಿ ನೋಡಿ ಹೆಗಲಿಗೆ ಹಾಕಿಕೊಂಡರೆ ಸಂಬಂಧ ಕೂಡಿತು, ಕೆಳಗಿಟ್ಟರೆ ಮುರಿಯಿತು.

ಆ ದಿನ ಬಂತು. ನೇಕಾರನ ಮನೆಯಲ್ಲಿ ಹಿರಿಯರು ಕೂಡಿದರು. ನೇಕಾರ ಶಲ್ಯ ಕೊಟ್ಟ. ಬಣ್ಣಗಾರ ಹಿಡಿದ, ಹಿಂಡಿ ನೋಡಿದ, ಬಿಡಿಸಿದ. ನಟ್ಟನಡುವೆ ನೀಲಿ ಕಲೆ.

"ನೋಡ್ರಿ ಹಿರ್ಯಾರ! ಇಂಥಾ ಹೊಲಸು ಅರಿವಿ ಕೊಡಾವ್ರ ಮನಿ ಹೆಣ್ಣು ನಮಗ ಬ್ಯಾಡ" ಎಂದು ಶಲ್ಯವನ್ನು ಚಾಪೆಯ ಮೇಲೆ ಎಸೆದ.

ನೇಕಾರನ ಮುಖ ಬಿಳುಚಿತು. ಹುಡುಗ ತಲೆ ತಗ್ಗಿಸಿದ.

ನೇಕಾರನ ಮಗಳು ಒಳಗಿನಿಂದ ಬಂದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಅವಳೂ ನೇಕಾರರ ಮಗಳು. ಬಟ್ಟೆಯನ್ನು ನೋಡದೆ ಅಳುವವಳಲ್ಲ. ಶಲ್ಯವನ್ನು ಎತ್ತಿ ಹಿರಿಯರ ಮುಂದೆ ಹಾಸಿ, "ಮಾವಾರ, ಈ ಕಲೆಗೆ ಐದು ಬೆರಳು ಅದಾವ" ಎಂದಳು.

ಹಿರಿಯರು ಬಗ್ಗಿ ನೋಡಿದರು. ಐದು ಬೆರಳು, ಒಂದು ಅಂಗೈ. ಬಣ್ಣಗಾರ ತನ್ನ ಕೈಯನ್ನು ಅದರ ಮೇಲಿಟ್ಟ. ಅಚ್ಚಿಗೆ ಅಚ್ಚು ಕೂತಿತು. ನಲವತ್ತು ವರ್ಷ ನೀಲಿಯಲ್ಲೇ ಇದ್ದ ಕೈ; ಅದು ನೀಲಿಯಾಗಿದೆ ಎಂಬುದನ್ನೇ ಅವನು ಮರೆತಿದ್ದ. ಯಾರೋ ಮೊದಲು ನಕ್ಕರು, ಆಮೇಲೆ ಮನೆಯೇ ನಕ್ಕಿತು.

"ಹಂಗಿದ್ರ ಮೂಲಿಮನಿಯವನ ಅರಿವಿಗೆ ಯಾಕ ಹತ್ತಲಿಲ್ಲ?" ಎಂದು ಬಣ್ಣಗಾರ ಹಟ ಹಿಡಿದ.

ಅವನ ಹೆಂಡತಿ ಎದ್ದು ಬಂದು ಅವನ ಅಂಗೈ ಮುಟ್ಟಿ ನೋಡಿದಳು. ಒದ್ದೆಯಾಗಿತ್ತು. "ಒಣ ಕೈ ಬಣ್ಣ ಬಿಡೂದಿಲ್ಲ, ಬೆವತ ಕೈ ಬಿಡತೈತಿ. ಇವ್ರ ಮುಂದ ಮಾತ್ರ ನಿಮ್ಮ ಕೈ ಯಾಕ ಬೆವರತಾವ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ರಂತ. ನಿಮ್ಮ ಹೆಗಲ ಮ್ಯಾಲ ಏನೈತಿ, ಹೇಳ್ರಿ."

ಬಣ್ಣಗಾರ ಅವಳನ್ನು ನೋಡಿದ, ನೇಕಾರನನ್ನು ನೋಡಿದ. "ಶ್ರಾವಣದಾಗ ಆರ ಮುಳುಗು ಹಾಕಿದ್ದೆ" ಎಂದ.

"ಗೊತ್ತೈತಿ" ಎಂದ ನೇಕಾರ. "ನೂಲು ಹಿಡದಾಗನ ತಿಳೀತು. ಮೋಡ ಏನು ನಿನ್ನ ಕೈಯಾಗಿತ್ತ? ಅದಕ್ಕ ಸುಮ್ಮನಿದ್ದೆ."

ಬಣ್ಣಗಾರನಿಗೆ ಅಳು ಬಂತು. ಅಳುತ್ತಲೇ ಶಲ್ಯವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ನೇಕಾರ ಅದನ್ನು ಮತ್ತೆ ಎಳೆದುಕೊಂಡು, "ತಡಿಯೋ ಬೀಗಾ, ಇದನ್ನ ಬಾನ್ಯಾಗ ಅದ್ದು. ಏಳು ಸಲ. ಈ ಸಲ ನಾನ ಎಣಸ್ತೀನಿ" ಎಂದ.

ಎಲ್ಲರೂ ಎದುರು ಮನೆಯ ಬಾನಿಯ ಸುತ್ತ ನಿಂತು ಕೂಗಿ ಕೂಗಿ ಎಣಿಸಿದರು. ಪ್ರತಿ ಮುಳುಗಿಗೂ ಬಟ್ಟೆ ಒಣಗಬೇಕಲ್ಲ, ಒಂದು ಹೊತ್ತಿನ ನಿಶ್ಚಯ ಎರಡು ದಿನ ನಡೆಯಿತು. ಬಣ್ಣಗಾರನ ಹೆಂಡತಿ ಅಷ್ಟು ಮಂದಿಗೂ ನಾಲ್ಕು ಊಟ ಬಡಿಸಿ ಸುಸ್ತಾದಳು.

ಗುರುಗಳು ಕತೆ ಮುಗಿಸಿದರು. ಗುರುಶಾಂತ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಪೆದ್ದ ಬಣ್ಣಗಾರ! ತನ್ನ ಕೈಯನ್ನೇ ನೋಡಿಕೊಳ್ಳಲಿಲ್ಲ. ಗುರುಗಳೇ, ಈ ಕತೆಯನ್ನು ಅಡವಯ್ಯನಿಗೆ ಹೇಳಲೇಬೇಕು. ಅವನಿಗೆ ಸರಿಯಾಗಿ ಹೊಂದುತ್ತದೆ. ಈಗಲೇ ಹೋಗಿ ಹೇಳಲೇ?"

"ಹೇಳು" ಎಂದರು ಗುರುಗಳು. "ಅದಕ್ಕೆ ಮೊದಲು, ಅವನಿಗೆ ನೀನು ತಪ್ಪಿಸಿದ ಮುಳುಗು ಯಾವುದು, ಅದನ್ನು ನನಗೆ ಹೇಳು."

ಎದ್ದು ನಿಂತಿದ್ದ ಗುರುಶಾಂತ ಅಂಗೈಗಳನ್ನು ಧೋತರಕ್ಕೆ ಒರೆಸಿಕೊಂಡು ಮೆಲ್ಲಗೆ ಕುಳಿತ.