ಹಡಗಿನ ಗಡಿಯಾರದ ಹೊಟ್ಟೆಕಿಚ್ಚು

ಕ್ಯಾಪ್ಟನ್ ಸಾಲಿಯಾನರ ಹಡಗಿನ ಕೋಣೆಯಲ್ಲಿ ಮಂಗಳೂರಿನಿಂದ ತಂದ ಗೋಡೆ ಗಡಿಯಾರವೊಂದಿತ್ತು. ಮೇಜಿನ ಮೇಲೆ ಹೊಸ ಕಂಪ್ಯೂಟರ್ ಬಂದು ಕೂತಂದಿನಿಂದ ಅದಕ್ಕೆ ನೆಮ್ಮದಿಯಿಲ್ಲ. ಹಡಗು ಯಾವ ಬಂದರು ಮುಟ್ಟಿದರೂ ಕಂಪ್ಯೂಟರು ಇಂಟರ್ನೆಟ್ಟಿನಲ್ಲಿ ದೂರದ ಸಮಯಸೇವೆಯನ್ನು ಕೇಳಿ ಆ ಊರಿನ ಗಂಟೆ ಹೇಳುತ್ತಿತ್ತು. ನಾವಿಕರೆಲ್ಲ ಅದನ್ನೇ ಹೊಗಳುತ್ತಿದ್ದರು.

"ಎರವಲು ಮಾತು ತಂದು ಮೆರೆಯುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ?" ಎಂದಿತು ಗಡಿಯಾರ.

"ಗೊತ್ತಿಲ್ಲದ್ದನ್ನು ಗೊತ್ತಿದ್ದವರಲ್ಲಿ ಕೇಳುತ್ತೇನೆ ಅಣ್ಣಾ, ಅದರಲ್ಲಿ ನಾಚಿಕೆಯೇನು?" ಎಂದಿತು ಕಂಪ್ಯೂಟರು.

ಆ ವಿನಯ ಗಡಿಯಾರವನ್ನು ಇನ್ನಷ್ಟು ಉರಿಸಿತು. ಹಡಗು ಆಫ್ರಿಕಾದ ಮೊಂಬಾಸಾ ಸೇರಿದಾಗ, ತಾನೂ ಈ ಊರಿನ ಗಂಟೆ ತೋರಿಸಿಯೇ ತೀರುತ್ತೇನೆಂದು ಅದು ಯಾರನ್ನೂ ಕೇಳದೆ, ಅಂದಾಜಿನ ಮೇಲೆ ಮುಳ್ಳುಗಳನ್ನು ಹಿಂದಕ್ಕೆ ತಿರುಗಿಸಿಕೊಂಡಿತು.

ಸಾಲಿಯಾನರು ಫೋನು ಹಿಡಿದು ಬಂದು ಗೋಡೆಯತ್ತ ನೋಡಿದರು. "ಮಗಳು ಇನ್ನೂ ಆಟ ಮುಗಿಸಿ ಮನೆಗೆ ಬಂದಿರಲಿಕ್ಕಿಲ್ಲ" ಎಂದುಕೊಂಡು ಕಾದು ಕುಳಿತರು. ಕೊನೆಗೆ ಫೋನು ಮಾಡಿದಾಗ ಹೆಂಡತಿ, "ಈಗಲೋ ಮಾಡುವುದು? ನಿಮ್ಮ ದಾರಿ ಕಾದು ಕಾದು ಮಗು ಅಳುತ್ತಲೇ ಮಲಗಿತು" ಎಂದಳು.

"ನಮ್ಮೂರ ಗಂಟೆ ನೋಡಲೆಂದೇ ಇದನ್ನು ತಂದಿದ್ದೆ" ಎನ್ನುತ್ತ ಸಾಲಿಯಾನರು ಗಡಿಯಾರವನ್ನು ಗೋಡೆಯಿಂದ ಇಳಿಸಿದರು. ಅಂದಿನಿಂದ ಮಂಗಳೂರಿನ ಗಂಟೆಯನ್ನೂ ಕಂಪ್ಯೂಟರೇ ಹೇಳತೊಡಗಿತು.