ಗಾಣಿಗನ ಸ್ವಗತ

“ಗುರುಗಳೇ, ನಾಟಕದಲ್ಲಿ ಸ್ವಗತ ಯಾಕೆ ಬೇಕು?” ಎಂದು ಶಿಷ್ಯ ಕೇಳಿದ. “ಪಾತ್ರ ತನ್ನ ಮನಸ್ಸಿನ ಮಾತನ್ನು ತನಗೆ ತಾನೇ ಆಡಿಕೊಳ್ಳುತ್ತದೆ. ಪಕ್ಕದಲ್ಲೇ ನಿಂತವನಿಗೆ ಅದು ಕೇಳಿಸುವುದಿಲ್ಲ, ದೂರದಲ್ಲಿ ಕೂತವರಿಗೆಲ್ಲ ಕೇಳಿಸುತ್ತದೆ. ಲೋಕದಲ್ಲಿ ಹೀಗೆ ಎಲ್ಲಾದರೂ ಉಂಟೆ? ಶುದ್ಧ ಸುಳ್ಳು ಅನ್ನಿಸುತ್ತದೆ.”

ಶಿಷ್ಯ ಆಗ ಒಂದು ನಾಟಕ ಬರೆಯುತ್ತಿದ್ದ. ಮಗನೊಬ್ಬ ತಾಯಿಯ ಪ್ರೀತಿಯನ್ನು ನೆನೆದು ಆಡುವ ಸ್ವಗತದ ಬಳಿ ಅವನ ಲೇಖನಿ ನಿಂತಿತ್ತು. ಆಗಷ್ಟೇ ಅವನ ತಾಯಿ ಹೊಳೆಯಾಚೆಯ ಊರಿನಿಂದ ಬುತ್ತಿ ತಂದಿದ್ದಳು. ಅವನು ತಲೆ ಎತ್ತದೆ “ಅಲ್ಲೇ ಇಡಮ್ಮ” ಎಂದಿದ್ದ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋಗಿದ್ದಳು.

ಗುರುಗಳು ಬುತ್ತಿಯ ಗಂಟನ್ನು ನೋಡಿದರು. “ಲಕ್ಷಣಗಳನ್ನೆಲ್ಲ ಗಿಣಿಯ ಹಾಗೆ ಒಪ್ಪಿಸುತ್ತೀಯಪ್ಪ. ವಸ್ತು, ಪಾತ್ರ, ಸಂಭಾಷಣೆ, ಒಂದೂ ಬಿಡುವುದಿಲ್ಲ. ಈಗ ಲೇಖನಿ ಕೆಳಗಿಟ್ಟು ಒಂದು ಕತೆ ಕೇಳು,” ಎಂದು ಹೇಳತೊಡಗಿದರು.

ನಾನು ಹುಟ್ಟಿದ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಯಲಾಟ ಆಡುತ್ತಿದ್ದರು. ರಾಶಿ ಮಾಡಿದ ಕಣವೇ ರಂಗ. ನಾವು ಕಂಬಳಿ ಹೊದ್ದು, ಉಡಿಯಲ್ಲಿ ಹುರಿಗಡಲೆ ಕಟ್ಟಿಕೊಂಡು ಕೂರುತ್ತಿದ್ದೆವು. ಈಗ ಆ ಕಣವೂ ಇಲ್ಲ, ಆಟವೂ ಇಲ್ಲ. ನೆನೆಸಿಕೊಂಡರೆ ಸಂಕಟವಾಗುತ್ತದೆ. ಹೋಗಲಿ ಬಿಡು.

ಆ ಊರಲ್ಲಿ ಒಬ್ಬ ಗಾಣಿಗನಿದ್ದ. ಗಾಣದ ಮುಂದೆ ಹಾದುಹೋಗುವ ಮಕ್ಕಳ ಕೈಗೆ ಎಳ್ಳಿನ ಹಿಂಡಿ ಹಾಕುತ್ತಿದ್ದ. ಬೆಲ್ಲದ ಜೊತೆ ತಿಂದ ಆ ರುಚಿ ಇಂದಿಗೂ ನನ್ನ ನಾಲಗೆಯ ಮೇಲಿದೆ. ಆಟದಲ್ಲಿ ಅವನದು ರಾಕ್ಷಸ ರಾಜನ ಪಾತ್ರ. ಅವನ ತಂದೆಯದೂ ಅದೇ. ಪ್ರತಿ ವರ್ಷ ಬೆಳಗಿನ ಜಾವ ಅವನು ನಾಯಕನ ಕೈಯಲ್ಲಿ ಸಾಯಬೇಕು. ಕಣದಲ್ಲಿ ಅಷ್ಟು ಅಬ್ಬರಿಸುವವನು ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಎತ್ತಿನ ಜೊತೆ ಆಡಿದಷ್ಟು ಮಾತನ್ನೂ ಹೆಂಡತಿಯ ಜೊತೆ ಆಡಲಿಲ್ಲ. “ನಾನೊಬ್ಬಳು ಆ ಮನೆಯಲ್ಲಿ ಇದ್ದೇನೆ ಅನ್ನುವುದು ಅವರಿಗೆ ಗೊತ್ತಿದೆಯೋ ಇಲ್ಲವೋ,” ಎಂದು ತವರಿಗೆ ಹೋದಾಗಲೆಲ್ಲ ಅವಳು ತಾಯಿಯ ಮುಂದೆ ಕಣ್ಣೀರು ಹಾಕುತ್ತಿದ್ದಳು. ಆ ಕೊರಗು ಅವಳನ್ನು ತಿನ್ನುತ್ತಿತ್ತು.

ಊರಲ್ಲಿ ಒಂದು ಕಟ್ಟುಪಾಡಿತ್ತು. ಗಂಡ ಸಾಯುವುದನ್ನು, ಆಟದಲ್ಲೇ ಆಗಲಿ, ಹೆಂಡತಿ ನೋಡಬಾರದು. ಭಾಗವತ ಕೊನೆಯ ಯುದ್ಧದ ಪದ ಎತ್ತಿದ ಕೂಡಲೇ ಗಾಣಿಗನ ಹೆಂಡತಿ ಎದ್ದು ಮನೆಗೆ ಹೋಗುತ್ತಿದ್ದಳು. ದೀಪ ಹಚ್ಚಿ, ಬಟ್ಟಲಲ್ಲಿ ಎಣ್ಣೆ ಇಟ್ಟುಕೊಂಡು ಹೊಸಿಲ ಬಳಿ ಕಾಯುತ್ತಿದ್ದಳು. ಬೆಳಗಾಗುವಾಗ ಅವನು ಬರುತ್ತಿದ್ದ. ಅವಳು ಅವನ ಮುಖಕ್ಕೆ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದಳು. ಆಟ ಹೇಗಾಯಿತು ಎಂದು ಕೇಳಿದರೆ “ಆಯಿತು” ಎನ್ನುತ್ತಿದ್ದ. ಅಷ್ಟೇ.

ಸಾಯುವ ಮುಂಚೆ ರಾಕ್ಷಸನಿಗೆ ಒಂದು ಸ್ವಗತವಿತ್ತು. ಕಳೆದುಕೊಂಡ ರಾಜ್ಯ, ಆನೆ, ಕುದುರೆ ನೆನೆದು ಮರುಗುವ ಮಾತು. ಒಂದು ವರ್ಷ ಗಾಣಿಗ ಅದನ್ನು ಬಿಟ್ಟು ಬೇರೆಯೇ ಆಡಿದ. “ರಣದಿಂದ ಮನೆಗೆ ಹೋದಾಗಲೆಲ್ಲ ನನ್ನವಳು ನಿದ್ದೆಗೆಟ್ಟು ಕಾಯುತ್ತಿದ್ದಳು. ಮುಖಕ್ಕೆ ಎಣ್ಣೆ ಹಚ್ಚಿ ಒರೆಸುತ್ತಿದ್ದಳು. ಎಂಥ ತಣ್ಣನೆಯ ಕೈ ಅದು. ಆ ಕೈ ತಾಗಿದ ಮೇಲೆ ನಾನು ರಾಕ್ಷಸನಾಗಿ ಉಳಿಯುತ್ತಿರಲಿಲ್ಲ. ಅವಳಿಗೆ ಒಂದು ಒಳ್ಳೆಯ ಮಾತು ಆಡಲಿಲ್ಲ. ನಾಳೆ ಆಡಿದರಾಯಿತು ಎಂದುಕೊಂಡೆ.”

ಕಣದಲ್ಲಿದ್ದ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಭಾಗವತನಿಗೆ ಸಿಟ್ಟು ಬಂತು. “ರಾಕ್ಷಸನ ಮುಖಕ್ಕೆ ಎಣ್ಣೆ ಹಚ್ಚುವುದು ಯಾವ ಪುರಾಣದಲ್ಲಿದೆಯೋ?” ಎಂದು ಗದರಿದ. “ಅವನಿಗೂ ಮನೆ ಅಂತ ಒಂದು ಇರುತ್ತದಲ್ಲ, ಭಾಗವತರೇ,” ಎಂದ ಗಾಣಿಗ. ಮುಂದಿನ ವರ್ಷವೂ ಅದನ್ನೇ ಆಡಿದ. ಉಳಿದ ಮಾತುಗಳನ್ನೆಲ್ಲ ಎತ್ತಿನ ಹಿಂದೆ ಸುತ್ತುತ್ತ ಬಾಯಿಪಾಠ ಮಾಡುತ್ತಿದ್ದ, ಇದನ್ನು ಮಾಡಬೇಕಾಗಿರಲಿಲ್ಲ. ಬರಬರುತ್ತ ಅದೇ ಆಟದ ಮಾತಾಯಿತು. ಊರಿನವರು ಅದಕ್ಕಾಗಿಯೇ ನಿದ್ದೆ ತಡೆದು ಕೂರುತ್ತಿದ್ದರು. ಹೆಂಡತಿಗೆ ಮಾತ್ರ ಯಾರೂ ಹೇಳಲಿಲ್ಲ. ಆಟದಲ್ಲಿ ಆಡುವುದನ್ನು ಅವನೇ ಮನೆಯಲ್ಲಿ ಹೇಳಿರುತ್ತಾನೆ ಎಂದುಕೊಂಡರು.

ಒಂದು ಮಳೆಗಾಲ ಗಾಣಿಗ ಜ್ವರ ಬಂದು ತೀರಿಕೊಂಡ. ಕೊನೆಗೂ ಅವಳಿಗೆ ಏನೂ ಹೇಳಲಿಲ್ಲ. ರಾಕ್ಷಸನ ಪಾತ್ರ ಒಬ್ಬ ಕಮ್ಮಾರನ ಪಾಲಿಗೆ ಬಂತು. ಆ ವರ್ಷದ ಆಟಕ್ಕೆ ಗಾಣಿಗನ ಹೆಂಡತಿಯೂ ಬಂದು ಒಂದು ಮೂಲೆಯಲ್ಲಿ ಕೂತಳು. ಭಾಗವತ ಕೊನೆಯ ಪದ ಎತ್ತಿದ. ಕಮ್ಮಾರನ ಹೆಂಡತಿ ಎದ್ದಳು. ಅಭ್ಯಾಸಬಲದಿಂದ ಇವಳೂ ಎದ್ದು ನಿಂತಳು. ತಾನಿನ್ನು ಏಳಬೇಕಾಗಿಲ್ಲ ಎಂದು ಆಮೇಲೆ ನೆನಪಾಯಿತು. ಮತ್ತೆ ಕೂತಳು.

ಕಮ್ಮಾರ ನೆಲಕ್ಕೊರಗಿ ಸ್ವಗತ ಆರಂಭಿಸಿದ. ನಿದ್ದೆಗೆಟ್ಟು ಕಾಯುವವಳು, ಎಣ್ಣೆ, ತಣ್ಣನೆಯ ಕೈ. ಅವಳು ತನ್ನ ಕೈಯನ್ನೇ ನೋಡಿಕೊಂಡಳು. “ಇದು ಕತೆಯಲ್ಲಿ ಇದೆಯೇನೇ?” ಎಂದು ಪಕ್ಕದಲ್ಲಿದ್ದವಳನ್ನು ಕೇಳಿದಳು.

“ಕತೆಯಲ್ಲೆಲ್ಲಿದೆ ಅಕ್ಕಾ? ಭಾವನವರೇ ಸೇರಿಸಿದ್ದು. ನಿನ್ನ ವಿಷಯವೇ. ನಿನಗೆ ಗೊತ್ತಿರಲಿಲ್ಲವೇ?” ಎಂದಳು ಅವಳು.

ಗಾಣಿಗನ ಹೆಂಡತಿ ಮನೆಗೆ ಹೋಗಿ, ನಿಂತುಹೋದ ಗಾಣದ ಪಕ್ಕ ಕೂತು ಮನಸಾರೆ ಅತ್ತಳು. ಸಂತೋಷವೂ ಆಗಿತ್ತು, ಹೊಟ್ಟೆಯೂ ಉರಿಯುತ್ತಿತ್ತು. “ಊರಿಗೆಲ್ಲ ಹೇಳಿದಿರಿ. ನನಗೊಂದು ಸಲ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?” ಎಂದು ಬೈದಳು. ಬಟ್ಟಲಲ್ಲಿ ಎಣ್ಣೆ ಇತ್ತು. ಒರೆಸಲು ಮುಖವಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. “ತಿಳಿಯಿತು ಗುರುಗಳೇ. ಸ್ವಗತ ಸುಳ್ಳಲ್ಲ. ಹಾಗಾದರೆ ನನ್ನ ನಾಟಕದಲ್ಲಿ ತಾಯಿಯನ್ನು ನೆನೆಯುವ ಆ ಮಾತು ಇರಲಿ ಅನ್ನುತ್ತೀರಾ?” ಎನ್ನುತ್ತ ಮತ್ತೆ ಲೇಖನಿ ಎತ್ತಿಕೊಂಡ.

ಗುರುಗಳು ಬುತ್ತಿಯ ಗಂಟನ್ನು ಅವನ ಕಡೆಗೆ ಸರಿಸಿ ಹೇಳಿದರು: “ನಾಟಕದ ಮಾತು ಎಲ್ಲಿಗೂ ಓಡಿಹೋಗುವುದಿಲ್ಲ, ನಿನ್ನ ತಾಯಿ ಇನ್ನೂ ಹೊಳೆ ದಾಟಿರಲಾರಳು.”