ಎಮ್ಮಿಗೊಂದು ಟೈಪು, ಆಕಳಿಗೊಂದು ಟೈಪು

ಕೇಳ್ರೆಪಾ, ನಮ್ಮೂರಾಗ ಶಿವಲೀಲವ್ವ ಅಂತ ಕಂಪ್ಯೂಟರ್ ಕಲಿಸೂ ಅಕ್ಕಾರು ಇದ್ದರು. ಆಕಿಗೆ ಒಬ್ಬನೇ ಮಗ, ಗುರುಪಾದ. ಮೂವತ್ತು ವರ್ಷದ ಗಂಡಸು, ಹೇಳಿದ್ದನ್ನ ಹೇಳಿದಂಗ ಮಾಡಾಂವ. ಅದ ಆಕಿ ಹಣೇಬರಹ!

ದನದ ದವಾಖಾನಿಗೆ ಒಂದು ಪ್ರೋಗ್ರಾಮ್ ಬರದುಕೊಡ್ತೀನಂತ ಆಕಿ ಮಾತು ಕೊಟ್ಟಿದ್ದಳು. ದನದ ವಯಸ್ಸು, ತೂಕ ಹಾಕಿದ್ರ ಎಷ್ಟು ಔಷಧ ಅಂತ ಅದು ಹೇಳಬೇಕು. ಮಗಗ ಪ್ರೋಗ್ರಾಮ್ ಬರಿಯೂ ಒಂದು ಸಣ್ಣ ಫಂಕ್ಷನಲ್ ಭಾಷೆ ಕಲಿಸಿ ಕೂಡಿಸಿದಳು.

"ಯಾವುದು ಯಾವ ನಮೂನಿದು ಅಂತ ಮಷಿನ್ನಿಗೆ ಹೇಳೂದ ಟೈಪು. ಬ್ಯಾರೆ ಬ್ಯಾರೆ ದನಕ್ಕ ಬ್ಯಾರೆ ಬ್ಯಾರೆ ಟೈಪು ಮಾಡು!"

ಮಾಡಿದ. ಕಲ್ಲಪ್ಪನ ಕೆಂದಾಕಳಿಗೊಂದು ಟೈಪು, ಚಂಬವ್ವನ ಎಮ್ಮಿಗೊಂದು ಟೈಪು, ಅದರ ಕರಕ್ಕೊಂದು. ಇನ್ನೂರು ದನ, ಇನ್ನೂರು ಟೈಪು!

"ಅಯ್ಯ ನಿನ್ನ! ಎಮ್ಮಿ ಎಲ್ಲಾ ಒಂದ ಟೈಪಲ್ಲೇನೋ? ಒಂದ ನಮೂನಿದ್ದನ್ನ ಒಂದ ಟೈಪಿನಾಗ ಹಾಕು!"

"ಹೂನವ್ವಾ."

ಹಾಕಿದ. ವಯಸ್ಸೂ ಅಂಕಿ, ತೂಕಾನೂ ಅಂಕಿ. ಎರಡೂ ಒಂದ ನಮೂನಿ, ಅದಕ್ಕ ಎರಡಕ್ಕೂ ಒಂದ ಟೈಪು! ಮರುದಿನ ಚಂಬವ್ವನ ಎಮ್ಮಿಗೆ ಜ್ವರ. ಕಂಪೌಂಡರ್ ಗಡಿಬಿಡಿಯೊಳಗ ಅದಲಾಬದಲಾ ಹಾಕಿದ: ವಯಸ್ಸು ನಾನೂರು ವರ್ಷ, ತೂಕ ಐದು ಕಿಲೋ! ಮಷಿನ್ ಗಪ್ಪನ ನುಂಗಿ, ಔಷಧ ಎರಡ ಹನಿ ಅಂತು. ಎಮ್ಮಿ ನೆಲ ಹಿಡೀತು. ಡಾಕ್ಟರ್ ಪಟ್ಟಣಶೆಟ್ಟಿ ಓಡಿಬಂದು ಸೂಜಿ ಮಾಡಿದ್ದಕ್ಕ ಉಳೀತು.

ಶಿವಲೀಲವ್ವ ಬೆಂಕಿ ಆದಳು. "ಮೂಕ ಪ್ರಾಣಿ ಜೀವದ ಕೂಡ ಆಟ ಏನೋ! ವರ್ಷ ಬ್ಯಾರೆ, ಕಿಲೋ ಬ್ಯಾರೆ! ಟೈಪಿಗೆ ಕೂಡಲಾರದ್ದನ್ನ ಒಳಗ ಬಿಡಬ್ಯಾಡ! ಯಾರ ಬಂದು ಹೇಳಿದ್ರೂ ಬಿಡಬ್ಯಾಡ!"

"ಹೂನವ್ವಾ."

ಬಿಡಲಿಲ್ಲ. ಆಕಳು, ಎಮ್ಮಿ, ಆಡು, ಕುರಿ ಅಂತ ನಾಲ್ಕ ಟೈಪಿನ ಪಟ್ಟಿ ಬರಕೊಂಡು ದವಾಖಾನಿ ಬಾಗಿಲಿಗೆ ಅಡ್ಡ ಕುಂತ. ದನ ಒಳಗ, ದನದ ಮಾಲಕರು ಹೊರಗ! ಡಾಕ್ಟರ್ ಬಂದ್ರು.

"ನೀವು ಯಾವ ಟೈಪ್ರಿ?"

"ಏ, ನಾ ಡಾಕ್ಟರು!"

"ಆ ಟೈಪ ಇಲ್ರಿ."

ಒಳಗ ದನ ಒದರಾಕತ್ತವು, ಹೊರಗ ಜನ ಒದರಾಕತ್ತರು. ಸುದ್ದಿ ಕೇಳಿ ಶಿವಲೀಲವ್ವ ಬರಿಗಾಲಲೆ ಓಡಿಬಂದಳು.

"ಸರಿಯೋ ಅತ್ತಾಗ! ಡಾಕ್ಟರನ್ನ ಬಿಡೋ! ನನ್ನ ಒಳಗ ಬಿಡೋ! ನಾ ನಿಮ್ಮವ್ವ ಹೇಳಾಕತ್ತೀನಿ!"

ಗುರುಪಾದ ಪಟ್ಟಿ ನೋಡಿದ. ಅವ್ವ ಅನ್ನೂ ಟೈಪೂ ಇಲ್ಲ! ಹಡದಾಕಿನ್ನ ಬಿಸಲಾಗ ನಿಲ್ಲಸೂದು ಹೆಂಗ? ಅವನ ಕಣ್ಣಾಗ ನೀರು ಬಂದುವು. ಭಾಳ ಹೊತ್ತು ವಿಚಾರ ಮಾಡಿ, ಪೆನ್ನು ತಗದು ಎದ್ದು ನಿಂತ.

"ಆಕಳು ಅಂತ ಬರಕೊಂಡೀನಿ, ಬಾರವ್ವಾ. ಬಾಯಿ ತಗಿ, ವಯಸ್ಸು ಬರೀಬೇಕು. ಹಲ್ಲು ಎಣಸ್ತೀನಿ."